ಬಯಲಲ್ಲಿ ಬೆಂಕಿ ಹಾಕುವ ಮುನ್ನ: ಮಲೆನಾಡಿನ ಸಣ್ಣ ಊರುಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಅಡಿಕೆ ಕೊಯ್ಲು ಶುರುವಾದರೆ ಸಿಪ್ಪೆ, ಶಿವರಾತ್ರಿ ಹತ್ತಿರ ಬಂದರೆ ದರಗು (ಒಣಗಿ ಉದುರಿದ ಎಲೆ), ವರ್ಷವಿಡೀ ಪ್ಲಾಸ್ಟಿಕ್. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ಯಾವ ಕಡೆ ಹೋದರೂ ರಸ್ತೆ ಬದಿಯಲ್ಲಿ ಒಂದಲ್ಲ ಒಂದು ರಾಶಿ ಹೊಗೆಯಾಡುತ್ತಿರುತ್ತದೆ. ನಾನು ವಕೀಲನಲ್ಲ, ಅಧಿಕಾರಿಯೂ ಅಲ್ಲ. ಊರೊಳಗೆ ಮನೆ, ಊರ ಹೊರಗೆ ಒಂದಿಷ್ಟು ಅಡಿಕೆ ತೋಟ ಇರುವವನು. ನಮ್ಮ ಬೀದಿಯಲ್ಲಿ ಮನೆ ಮನೆಗೆ ಹೋಗಿ ಈ ವಿಷಯ ಮಾತಾಡುವಾಗ ಜನ ಕೇಳಿದ ಪ್ರಶ್ನೆಗಳನ್ನು, ಅವರು ಕೇಳಿದ ಹಾಗೇ ಇಲ್ಲಿಟ್ಟು ಉತ್ತರ ಬರೆದಿದ್ದೇನೆ.

ಪಟ್ಟಣ ಪಂಚಾಯಿತಿಗೆ ಅರ್ಜಿ ಕೊಟ್ಟರೆ ಕಸ ಸುಡೋಕೆ ಪರ್ಮಿಷನ್ ಸಿಗತ್ತಾ?

ಸಿಗುವುದಿಲ್ಲ. ಅಂಥ ಪರವಾನಗಿ ಅನ್ನುವುದೇ ಇಲ್ಲ. ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿಯಾಗಲಿ, ನಗರಸಭೆಯ ಪೌರಾಯುಕ್ತರಾಗಲಿ, ಗ್ರಾಮ ಪಂಚಾಯಿತಿ ಪಿಡಿಒ ಆಗಲಿ "ಸುಡಿ" ಎಂದು ಬರೆದುಕೊಡುವ ಹಾಗಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್ 22ರಂದು ಕೊಟ್ಟ ಆದೇಶದಲ್ಲಿ ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ಪೂರ್ತಿ ನಿಷೇಧಿಸಿದೆ. ಕಸ ಸುರಿಯುವ ಜಾಗ, ಅಂದರೆ ಪುರಸಭೆಯದೇ ಡಂಪಿಂಗ್ ಯಾರ್ಡ್ ಕೂಡ ಅದರಲ್ಲಿ ಸೇರಿದೆ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. "ಒಂದು ಮಾತು ಹೇಳಿ ಸುಟ್ಟರಾಯ್ತು" ಎಂದು ತಿಳಿದುಕೊಂಡವರು ಬಹಳ ಜನ. ವಾರ್ಡಿನ ಸದಸ್ಯರಿಗೆ ಫೋನ್ ಮಾಡಿ ಹೇಳಿದೆ, ಅವರು ಹೂಂ ಅಂದರು ಅನ್ನುವುದು ಅನುಮತಿಯಲ್ಲ.

ನಮ್ಮ ಜಾಗ, ನಮ್ಮ ಹಿತ್ತಲು. ಅಲ್ಲಿ ಸುಟ್ಟರೂ ತಪ್ಪಾ?

ಇದು ನ್ಯಾಯವಾದ ಪ್ರಶ್ನೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ, ಕಸವನ್ನು ತನ್ನ ಜಾಗದ ಹೊರಗಿನ ರಸ್ತೆ, ಸಾರ್ವಜನಿಕ ಬಯಲು, ಚರಂಡಿ, ನೀರಿನ ಮೂಲಗಳಲ್ಲಿ ಎಸೆಯಬಾರದು, ಸುಡಬಾರದು, ಹೂಳಬಾರದು ಎಂದು ಬರೆಯಲಾಗಿತ್ತು. ಅದನ್ನು ಓದಿದವರು "ನಮ್ಮ ಬೇಲಿಯೊಳಗೆ ಸುಟ್ಟರೆ ಅಡ್ಡಿಯಿಲ್ಲ" ಎಂದು ಅರ್ಥ ಮಾಡಿಕೊಂಡರು. ಹಸಿರು ನ್ಯಾಯಮಂಡಳಿಯ ಆದೇಶದಲ್ಲಿ ಆ ವಿನಾಯಿತಿ ಇಲ್ಲ. ಬಯಲಲ್ಲಿ ಸುಡಬಾರದು ಅಂದರೆ ಸುಡಬಾರದು, ಜಾಗ ಯಾರದೇ ಇರಲಿ.

ಕಾನೂನು ಬದಿಗಿಟ್ಟು ನೋಡಿದರೂ ನಮ್ಮೂರಿನ ಚಳಿಗಾಲ ಯಾವ ಬೇಲಿಯನ್ನೂ ಕೇಳುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ತುಂಗೆಯ ಕಣಿವೆಯಲ್ಲಿ ಬೆಳಿಗ್ಗೆ ಮಂಜು ಕೂತರೆ ಎಂಟು ಗಂಟೆಗೂ ಏಳುವುದಿಲ್ಲ. ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ. ಹಾಗಿದ್ದಾಗ ಹಚ್ಚಿದ ಬೆಂಕಿಯ ಹೊಗೆ ಮೇಲೆ ಹೋಗದೆ ಮಾಡಿನ ಎತ್ತರದಲ್ಲಿ ಚಾಪೆ ಹಾಸಿದಂತೆ ಮಲಗುತ್ತದೆ. ಆ ಹೊತ್ತಿನಲ್ಲೇ ಮಕ್ಕಳು ಶಾಲೆಗೆ ಹೊರಡುವುದು, ಉಬ್ಬಸ ಇರುವ ಅಜ್ಜಂದಿರು ಜಗಲಿಗೆ ಬಂದು ಕೂರುವುದು.

ದರಗು, ಹುಲ್ಲು ಕಸ ಅಲ್ಲವಲ್ಲ? ಪ್ಲಾಸ್ಟಿಕ್ ಸುಟ್ಟರೆ ತಪ್ಪು, ಎಲೆ ಸುಟ್ಟರೆ ಏನು?

ಕಾನೂನಿನ ಲೆಕ್ಕದಲ್ಲಿ ಅದೂ ಕಸವೇ. ಘನತ್ಯಾಜ್ಯ ಎನ್ನುವುದರ ವ್ಯಾಖ್ಯೆಯೊಳಗೆ ತೋಟದ ತ್ಯಾಜ್ಯ, ಕೃಷಿ ತ್ಯಾಜ್ಯ ಎರಡೂ ಸೇರಿವೆ. ಹಿತ್ತಲಿನ ಎಲೆ ಕಡ್ಡಿಯನ್ನು ಮನೆಯ ಜಾಗದಲ್ಲೇ ಬೇರೆಯಾಗಿ ಕೂಡಿಟ್ಟು, ಸ್ಥಳೀಯ ಸಂಸ್ಥೆ ಹೇಳಿದಂತೆ ವಿಲೇವಾರಿ ಮಾಡಬೇಕು ಎಂಬುದು ನಿಯಮ.

ಆದರೆ ಮಲೆನಾಡಿನವರಿಗೆ ಈ ಪಾಠ ಸರ್ಕಾರ ಹೇಳಿಕೊಡಬೇಕಿತ್ತೇ? ದರಗನ್ನು ಗುಡಿಸಿ, ಕಲ್ಲಿಯಲ್ಲಿ ಹೊತ್ತು ತಂದು, ಕೊಟ್ಟಿಗೆಗೆ ಹಾಸಿ, ಸಗಣಿಯೊಂದಿಗೆ ಗೊಬ್ಬರದ ಗುಂಡಿಗೆ ಸೇರಿಸಿ ತೋಟ ಮಾಡಿದ ಊರು ಇದು. ತೋಟಕ್ಕೆ ಸೊಪ್ಪು, ದರಗು ತರುವ ಕಾಡಿಗಿರುವ ಸೊಪ್ಪಿನಬೆಟ್ಟ ಎಂಬ ಹೆಸರೇ ಅದನ್ನು ಹೇಳುತ್ತದೆ. ಕೊಟ್ಟಿಗೆಯಲ್ಲಿ ದನ ಕಡಿಮೆಯಾದ ಮೇಲೆ ದರಗು ಹೊರೆಯಾಯಿತು, ಹೊರೆಯಾದದ್ದು ಕಸವಾಯಿತು. ನನಗೆ ಬೇಸರವಾಗುವುದು ಇಲ್ಲೇ. ಇತ್ತ ಎಲೆ ಸುಟ್ಟು, ಅತ್ತ ಲಾರಿಯಲ್ಲಿ ಗೊಬ್ಬರ ತರಿಸುತ್ತೇವೆ.

ಊರೊಳಗೆ ನಾಲ್ಕು ಸೆಂಟ್ಸ್ ಜಾಗ ಇರುವವರು ಹೀಗೆ ಮಾಡಬಹುದು: ಹಿತ್ತಲ ಮೂಲೆಯಲ್ಲಿ ಎದೆಮಟ್ಟದ ತಂತಿಬಲೆಯನ್ನು ಗುಂಡಗೆ ಸುತ್ತಿ ನಿಲ್ಲಿಸಿ, ದರಗು ತುಂಬುತ್ತಾ ಹೋಗಿ. ನಡುನಡುವೆ ಸಗಣಿ ನೀರು, ಇಲ್ಲವೇ ಹುಳಿ ಮಜ್ಜಿಗೆ ನೀರು ಚಿಮುಕಿಸಿ. ಮೇಲೊಂದು ಹಳೇ ಗೋಣಿ ಹಾಕಿ. ಬೇಸಿಗೆಯಲ್ಲಿ ತುಂಬಿದ್ದು ಆರಿದ್ರಾ ಮಳೆಯ ಹೊತ್ತಿಗೆ ಮೊಣಕಾಲೆತ್ತರಕ್ಕೆ ಇಳಿದಿರುತ್ತದೆ. ಸಾಗುವಾನಿ, ಹಲಸಿನಂಥ ದಪ್ಪ ಎಲೆ ತಡ ಮಾಡುತ್ತದೆ, ಅದನ್ನು ತುಳಿದು ಮುರಿದು ಹಾಕಿ.

ಬೂದಿ ಒಳ್ಳೇ ಗೊಬ್ಬರ ಅಂತಾರಲ್ಲ? ಸುಡುಮಣ್ಣು ಮಾಡೋದು ಹಿಂದಿನಿಂದ ಬಂದದ್ದೇ.

ಬೂದಿಯಲ್ಲಿ ಪೊಟ್ಯಾಷ್ ಇದೆ, ಸುಣ್ಣದ ಅಂಶವೂ ಇದೆ. ನಮ್ಮ ಹುಳಿ ಮಣ್ಣಿಗೆ ಸ್ವಲ್ಪ ಬಿದ್ದರೆ ಒಳ್ಳೆಯದೇ. ಆದರೆ ಎಲೆಯಲ್ಲಿದ್ದ ಸಾರಜನಕ, ಮಣ್ಣಿಗೆ ಸೇರಬೇಕಿದ್ದ ಸಾವಯವ ಅಂಶ ಎಲ್ಲ ಹೊಗೆಯಾಗಿ ಹೋಗುತ್ತದೆ. ಉಳಿಯುವುದು ಬೊಗಸೆಯಷ್ಟು. ಅಷ್ಟು ಬೂದಿ ಬಚ್ಚಲ ಒಲೆಯಲ್ಲೇ ದಿನವೂ ಸಿಗುತ್ತದೆ. ಬಸಳೆ, ತೊಂಡೆ ಬುಡಕ್ಕೆ ಅದು ಸಾಕು.

ಸುಡುಮಣ್ಣಿನ ಬಗ್ಗೆ ನನಗೆ ಗೌರವವಿದೆ. ಮಣ್ಣು, ಕಡ್ಡಿ, ದರಗು ಪದರ ಹಾಕಿ ನಿಧಾನ ಬೇಯಿಸುವುದು ತಿಳಿದವರ ಕೆಲಸ. ಊರೊಳಗೆ, ಮನೆಗೆ ಮನೆ ತಾಗಿರುವಲ್ಲಿ ಮಾತ್ರ ಅದು ಬೇಡ.

ಎಲೆಚುಕ್ಕಿ ರೋಗ ಬಂದ ಸೋಗೆ (ಅಡಿಕೆ ಗರಿ), ಕೊಳೆ ಕಾಯಿ ಸುಡಿ ಅಂತ ಇಲಾಖೆಯವರೇ ಹೇಳ್ತಾರಲ್ಲ?

ಹೌದು, ಹೇಳುತ್ತಾರೆ. ರೋಗ ಹತ್ತಿದ ಗರಿಯನ್ನು ಕತ್ತರಿಸಿ ತೆಗೆದು ನಾಶ ಮಾಡಿದರೆ ಶಿಲೀಂಧ್ರದ ಬೀಜಕಣ ಹರಡುವುದು ಕಡಿಮೆಯಾಗುತ್ತದೆ. ಅದು ಸಸ್ಯಸಂರಕ್ಷಣೆಯ ಕೆಲಸ, ತೋಟದೊಳಗೇ ಆಗಬೇಕಾದ್ದು. ರೋಗ ಬಂದ ಗರಿಯನ್ನಷ್ಟೇ ಆರಿಸಿ, ಮರಗಳಿಂದ ದೂರ, ತೇವ ಇರುವ ದಿನ, ಸಣ್ಣ ರಾಶಿಯಲ್ಲಿ ಮಾಡಿ. ಎಲೆಚುಕ್ಕಿ ಹೆಸರಲ್ಲಿ ಒಳ್ಳೆಯ ಸೋಗೆಯನ್ನೆಲ್ಲ ಮಾರ್ಚ್ ತಿಂಗಳಲ್ಲಿ ಸುಡುವವರನ್ನು ಕಂಡಿದ್ದೇನೆ, ಅದು ಇಲಾಖೆ ಹೇಳಿದ್ದಲ್ಲ. ಕೊಳೆ ಕಾಯಿ ಉದುರುವುದು ಮಳೆಗಾಲದಲ್ಲಿ, ಆಗ ಅದು ಉರಿಯುವುದೇ ಇಲ್ಲ. ಆರಿಸಿ ಆಳವಾಗಿ ಹೂತುಬಿಡಿ.

ಅಡಿಕೆ ಸಿಪ್ಪೆ ಏನ್ ಮಾಡೋದು ಹಾಗಾದ್ರೆ? ಟ್ರಾಕ್ಟರ್‌ಗಟ್ಟಲೆ ಬೀಳತ್ತೆ.

ಇದೇ ನಮ್ಮ ಭಾಗದ ದೊಡ್ಡ ಸಮಸ್ಯೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹಿಂದೆ ಮನೆಯಂಗಳದಲ್ಲಿ ರಾತ್ರಿ ಕೂತು ಮೆಟ್ಟುಗತ್ತಿಯಲ್ಲಿ ಸುಲಿಯುತ್ತಿದ್ದಾಗ ಸಿಪ್ಪೆ ಆಯಾ ತೋಟಕ್ಕೇ ಮರಳುತ್ತಿತ್ತು. ಈಗ ಸುಲಿಯುವ ಯಂತ್ರ ಬಂದಿದೆ, ಫಸಲನ್ನು ಗುತ್ತಿಗೆಗೆ ಹಿಡಿಯುವ ಖೇಣಿದಾರರು ಹತ್ತಾರು ತೋಟದ ಕಾಯಿಯನ್ನು ಒಂದೇ ಕಡೆ ತಂದು ಸುಲಿಸುತ್ತಾರೆ. ಸಿಪ್ಪೆ ಬೀಳುವ ಜಾಗಕ್ಕೂ ಬೇಕಾದ ತೋಟಕ್ಕೂ ಹತ್ತಿಪ್ಪತ್ತು ಕಿಲೋಮೀಟರ್ ದೂರ. ಹೊತ್ತೊಯ್ಯುವ ಖರ್ಚು ಯಾರಿಗೂ ಬೇಡ. ರಾತ್ರಿ ರಸ್ತೆ ಬದಿ, ಕೆರೆ ಏರಿ, ಕಾಡಿನ ಅಂಚಿಗೆ ಸುರಿದು, ಒಣಗಿದ ಮೇಲೆ ಯಾರೋ ಒಬ್ಬರು ಕಡ್ಡಿ ಗೀರುತ್ತಾರೆ.

ಸಿಪ್ಪೆ ಎಲೆಯ ಹಾಗೆ ಭಗ್ಗನೆ ಉರಿದು ಮುಗಿಯುವುದಿಲ್ಲ. ಒತ್ತಾದ ನಾರು, ಒಳಗೆ ತೇವ, ಗಾಳಿ ಕಡಿಮೆ. ಹೊರಗಿನದು ಅರ್ಧ ಗಂಟೆ ಉರಿದು ನಂದುತ್ತದೆ, ಒಳಗೆ ಕೆಂಡ ಮೆಲ್ಲಗೆ ತಿನ್ನುತ್ತಾ ದಿನಗಟ್ಟಲೆ ಸಾಗುತ್ತದೆ. ಗಂಟಲು ಹಿಡಿಯುವ ಹೊಗೆ ಹುಟ್ಟುವುದು ಈ ಅರೆಬೆಂದ ಉರಿಯಲ್ಲೇ. ಹೆದ್ದಾರಿಯ ಪಕ್ಕದ ರಾಶಿಯಾದರೆ ನಸುಕಿನಲ್ಲಿ ಮಂಜೂ ಹೊಗೆಯೂ ಕಲೆತು ಎದುರಿನ ವಾಹನವೇ ಕಾಣುವುದಿಲ್ಲ. ದ್ವಿಚಕ್ರದಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುವವರ ಗತಿ ಯೋಚಿಸಿ.

ಮಾಡಬಹುದಾದ್ದು ಮೂರ್ನಾಲ್ಕು ಇದೆ. ಅಡಿಕೆ ಬೇಯಿಸುವ ಒಲೆಗೆ, ಬಚ್ಚಲ ಒಲೆಗೆ ಚೆನ್ನಾಗಿ ಒಣಗಿಸಿದ ಸಿಪ್ಪೆ ಉರುವಲಾಗುತ್ತದೆ. ತೋಟಕ್ಕೆ ಮರಳಿಸುವುದಾದರೆ ಬುಡದಿಂದ ಸ್ವಲ್ಪ ಬಿಟ್ಟು ತೆಳ್ಳಗೆ ಹರಡಿ. ರಾಶಿ ಹಾಕಬೇಡಿ, ರಾಶಿಯಾದರೆ ನೀರೂ ಇಳಿಯುವುದಿಲ್ಲ, ಕೊಳೆಯುವುದೂ ಇಲ್ಲ. ಗೊಬ್ಬರ ಮಾಡುವುದಾದರೆ ತಾಳ್ಮೆ ಬೇಕು. ಸಿಪ್ಪೆಯ ನಾರು ಗಟ್ಟಿ, ಒಂದು ಮಳೆಗಾಲ ಪೂರ್ತಿ ಕಳೆಯಬೇಕು. ನೆರಳಿನಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಗೊಬ್ಬರಗಿಡದ ಹಸಿ ಸೊಪ್ಪು, ಮೇಲೆ ಸಗಣಿ ಬಗ್ಗಡ, ಹೀಗೆ ಕಟ್ಟುತ್ತಾ ಹೋಗಿ ಟ್ರೈಕೋಡರ್ಮಾ (ಕಸ ಕಳಿಸುವ ಒಂದು ಶಿಲೀಂಧ್ರ) ಸೇರಿಸಿದರೆ ಬೇಗ ಕಳಿಯುತ್ತದೆ. ಅಡಿಕೆ ತೋಟದ ತ್ಯಾಜ್ಯದಿಂದ ಎರೆಗೊಬ್ಬರ ಮಾಡುವ ಬಗ್ಗೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಟ್ಲ ಕೇಂದ್ರದಲ್ಲಿ ಕೆಲಸ ಆಗಿದೆ. ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇದೆ, ಹೋಗಿ ಕೇಳಿ.

ಖೇಣಿಗೆ ಕೊಡುವವರಿಗೆ ಒಂದು ಮಾತು. ಮಾತುಕತೆಯಾಗುವಾಗಲೇ ಸಿಪ್ಪೆ ಯಾರದು, ಎಲ್ಲಿಗೆ ಹೋಗುತ್ತದೆ ಎಂದು ಕೇಳಿಬಿಡಿ. "ಸಿಪ್ಪೆ ನಮ್ಮ ತೋಟಕ್ಕೇ ತಂದು ಹಾಕಬೇಕು" ಎಂದು ಹಟ ಹಿಡಿದವರ ಸಿಪ್ಪೆ ತೋಟಕ್ಕೆ ಬಂದದ್ದನ್ನು ನೋಡಿದ್ದೇನೆ.

ಬಚ್ಚಲ ಒಲೆಗೆ ಪ್ಲಾಸ್ಟಿಕ್ ಕೊಟ್ಟೆ (ಚೀಲ) ಹಾಕಿ ಹೊತ್ತಿಸ್ತೀವಿ. ಅದು ಬಯಲಲ್ಲ, ಮನೆಯೊಳಗೆ.

ದಯವಿಟ್ಟು ನಿಲ್ಲಿಸಿ. ಹಂಡೆ ಒಲೆಯ ಉರಿ ಪ್ಲಾಸ್ಟಿಕ್ಕನ್ನು ಪೂರ್ತಿ ಸುಡುವಷ್ಟು ಬಿಸಿಯಾಗುವುದಿಲ್ಲ. ಪಿವಿಸಿ ಪೈಪಿನ ಚೂರು, ವೈರಿನ ಸಿಪ್ಪೆಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ ಅರೆಬೆಂದಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಬೆಳಿಗ್ಗೆ ಎದ್ದು ಒಲೆ ಮುಂದೆ ಕೂತು ಊದುಗೊಳವೆಯಲ್ಲಿ ಊದುವವರು ಹೆಚ್ಚಾಗಿ ಮನೆಯ ಹೆಂಗಸರು, ಹೊಗೆ ನೇರ ಅವರ ಎದೆಗೆ. ಆ ಬೂದಿಯನ್ನೇ ಮತ್ತೆ ಬಸಳೆ ಬುಡಕ್ಕೆ ಹಾಕುತ್ತೀರಿ. ಹೊತ್ತಿಸಲು ತೆಂಗಿನ ಸಿಪ್ಪೆ, ಒಣ ಸೋಗೆಯ ತುಂಡು, ಗರಟೆ ಇದೆಯಲ್ಲ.

ಅಡಿಕೆ ಗೊನೆಗೆ ಕಟ್ಟಿ ಬಿಚ್ಚಿದ ಹಳೆಯ ಪ್ಲಾಸ್ಟಿಕ್ ಕೊಟ್ಟೆಗಳನ್ನು ತೊಳೆದು ಒಣಗಿಸಿ ಚೀಲಕ್ಕೆ ತುಂಬಿಟ್ಟರೆ ಒಣಕಸದ ಗಾಡಿಗೆ ಕೊಡಬಹುದು. ಔಷಧಿ ಡಬ್ಬ, ಕಳೆನಾಶಕದ ಕ್ಯಾನ್ ಒಲೆಗೂ ಬೇಡ, ನೀರು ಕುಡಿಯುವುದಕ್ಕೂ ಬೇಡ. ತೂತು ಮಾಡಿ ಬೇರೆ ಇಡಿ.

ಪ್ಯಾಡ್, ಡೈಪರ್?

ಪೇಪರಿನಲ್ಲಿ ಸುತ್ತಿ, ಗುರುತು ಮಾಡಿ, ಬೇರೆಯಾಗಿಯೇ ಗಾಡಿಗೆ ಕೊಡಿ. ಒದ್ದೆಯಾದ ಪ್ಯಾಡ್ ಹಿತ್ತಲಲ್ಲಿ ಸರಿಯಾಗಿ ಉರಿಯುವುದಿಲ್ಲ, ನಾಯಿ ಎಳೆದು ಹಾಕುತ್ತದೆ. ಇದನ್ನು ಕೇಳಲು ನಾಚಿಕೊಳ್ಳಬೇಕಿಲ್ಲ.

ನಾವು ಅಲ್ಲೇ ನಿಂತಿರ್ತೀವಿ, ನೀರೂ ಇಟ್ಕೊಂಡಿರ್ತೀವಿ. ಸಣ್ಣ ಬೆಂಕಿಗೆ ಇಷ್ಟೆಲ್ಲ ಯಾಕೆ?

ನಮ್ಮ ಅಪ್ಪಯ್ಯನೂ ಅಲ್ಲೇ ನಿಂತಿದ್ದರು, ಪಕ್ಕದಲ್ಲಿ ಎರಡು ಕೊಡ ನೀರೂ ಇತ್ತು. ಕೆಲವು ವರ್ಷದ ಹಿಂದಿನ ಮಾರ್ಚ್ ತಿಂಗಳು. ತೋಟದ ಅಂಚಿನ ಹಲಸಿನ ಬುಡದಲ್ಲಿ ದರಗು ಗುಡಿಸಿ, ಹತ್ತು ಗಂಟೆಗೆ ಬೆಂಕಿ ಕೊಟ್ಟರು. ಗಾಳಿ ಇರಲಿಲ್ಲ. ಹನ್ನೊಂದೂವರೆಗೆ ಬಿಸಿಲು ಏರಿ ಗಾಳಿ ಎದ್ದಿತು. ಒಂದು ಸಾಗುವಾನಿ ಎಲೆ, ಅಂಚಿನಲ್ಲಷ್ಟೇ ಕೆಂಪಗೆ ಉರಿಯುತ್ತಾ, ರಾಶಿಯಿಂದ ಮೇಲೆದ್ದು, ತಿರುಗುತ್ತಾ, ಬೇಲಿ ದಾಟಿ ಪಕ್ಕದವರ ತೋಟದ ಸೋಗೆ ಹಾಸಿನ ಮೇಲೆ ಕೂತದ್ದನ್ನು ನಾನು ಕಣ್ಣಾರೆ ನೋಡಿದೆ. ಕೊಡ ಎತ್ತಿಕೊಂಡು ಬೇಲಿ ಹಾರುವಷ್ಟರಲ್ಲಿ ನಾಲ್ಕು ಮರದ ಬುಡ ಹತ್ತಿತ್ತು. ಹಸಿ ಸೊಪ್ಪು ಮುರಿದು ಬಡಿದು ಅರ್ಧ ಗಂಟೆಯಲ್ಲಿ ಆರಿಸಿದೆವು.

ಮರಗಳೇನೂ ಬೀಳಲಿಲ್ಲ, ಮೊಣಕಾಲೆತ್ತರಕ್ಕೆ ಕಪ್ಪಾದವು ಅಷ್ಟೆ. ಮಾವು, ಹಲಸಿನ ತೊಗಟೆ ಸುಟ್ಟರೆ ಅಂಚಿನಿಂದ ಹೊಸ ತೊಗಟೆ ಬೆಳೆದು ಗಾಯ ಮುಚ್ಚುತ್ತದೆ. ಅಡಿಕೆ, ತೆಂಗಿನ ಜಾತಿಯ ಮರಕ್ಕೆ ಆ ಶಕ್ತಿ ಇಲ್ಲ, ಕಾಂಡಕ್ಕೆ ಆದ ಗಾಯ ಮರ ಇರುವವರೆಗೂ ಗಾಯವೇ. ಎರಡು ವರ್ಷ ಕಳೆದ ಮೇಲೆ ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಆ ಸಾಲಿನ ಮರವೊಂದಕ್ಕೆ ಬೆರಳ ಗೆಣ್ಣಿನಿಂದ ತಟ್ಟಿದ. ಟೊಳ್ಳು ಸದ್ದು ಬಂತು. "ಇದಕ್ಕೆ ನಾ ಹತ್ತದಿಲ್ಲ" ಎಂದು ಕೊಕ್ಕೆ ಕೆಳಗಿಟ್ಟ. ಆ ಸಾಲನ್ನು ಕಡಿಸಬೇಕಾಯಿತು. ಪಕ್ಕದವರು ನಮಗೆ ಒಂದು ಮಾತೂ ಅನ್ನಲಿಲ್ಲ. ಅಪ್ಪಯ್ಯ ಆ ದಿನದ ನಂತರ ದರಗಿಗೆ ಬೆಂಕಿ ಕೊಡಲಿಲ್ಲ.

ಉಣುಗು ಕಾಟ, ಮಂಗನ ಕಾಯಿಲೆ ಭಯ. ಮನೆ ಸುತ್ತಲಿನ ದರಗು ಸುಟ್ಟರೆ ಒಳ್ಳೇದಲ್ವಾ?

ಭಯ ಸಹಜ. 1957ರಲ್ಲಿ ಈ ಕಾಯಿಲೆ ಮೊದಲು ಗುರುತಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಪಟ್ಟ ಪಾಡು ಯಾರೂ ಮರೆತಿಲ್ಲ. ಮನೆಯ ಅಂಗಳ, ಕೊಟ್ಟಿಗೆ ದಾರಿಯ ದರಗು ಗುಡಿಸಿ ದೂರ ಹಾಕುವುದು ಒಳ್ಳೆಯದು. ಅದನ್ನು ಸುಡಲೇಬೇಕೆಂದಿಲ್ಲ. ಕಾಡಿನಂಚಿಗೆ ಬೆಂಕಿ ಕೊಟ್ಟು ಉಣುಗು ಮುಗಿಸುತ್ತೇವೆ ಅನ್ನುವುದಂತೂ ಆಗದ ಮಾತು. ಉಣುಗು ದನದ ಮೇಲೆ, ಇಲಿ ಹೆಗ್ಗಣದ ಮೇಲೆ, ಮಂಗನ ಮೇಲೆ ಸವಾರಿ ಮಾಡಿಕೊಂಡು ಮತ್ತೆ ಬರುತ್ತದೆ. ತೋಟ, ಕಾಡಿಗೆ ಹೋಗುವಾಗ ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿಕೊಳ್ಳಿ, ಮೈ ಮುಚ್ಚುವ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ.

ಮಂಗ ಸತ್ತು ಬಿದ್ದದ್ದು ಕಂಡರೆ ನೀವಾಗಿ ಸುಡಲು ಹೋಗಬೇಡಿ, ಹತ್ತಿರವೂ ಹೋಗಬೇಡಿ. ಸತ್ತ ಮಂಗನ ಮೈಬಿಟ್ಟ ಉಣುಗು ಸುತ್ತಲ ನೆಲದಲ್ಲೇ ಇರುತ್ತದೆ. ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಪರೀಕ್ಷೆಗೆ ಮಾದರಿ ತೆಗೆದು, ಸುತ್ತ ಪುಡಿ ಹಾಕಿ, ಕಳೇಬರ ಸುಡುವ ಕೆಲಸವನ್ನು ಅವರೇ ಮಾಡಿಸುತ್ತಾರೆ.

ನಮ್ಮ ತೋಟ ಕಾಡಿಗೆ ತಾಗಿದೆ. ಬೇಲಿ ಸಾಲು, ಬ್ಯಾಣ (ಹುಲ್ಲುಗಾವಲು) ಸುಡಲು ಯಾರನ್ನು ಕೇಳಬೇಕು?

ಸುಡಬೇಡಿ ಅನ್ನುವುದೇ ನನ್ನ ಉತ್ತರ. ಹುಲ್ಲು ಕತ್ತರಿಸಿ, ಗುಡಿಸಿ ತೆಗೆಯಿರಿ. ಅಂಚಿನಲ್ಲಿ ಬೆಂಕಿರೇಖೆ (ಬೆಂಕಿ ದಾಟದಂತೆ ಮೊದಲೇ ಬರಿದು ಮಾಡಿಟ್ಟ ಪಟ್ಟಿ) ಬೇಕೆನಿಸಿದರೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಲಿಖಿತವಾಗಿ ಕೇಳಿ. ಅರಣ್ಯ ಇಲಾಖೆ ಬೇಸಿಗೆಗೆ ಮುಂಚೆ ಮಾಡುವ ಬೆಂಕಿರೇಖೆಗೆ ಸಿಬ್ಬಂದಿ, ಕಾವಲು ಎಲ್ಲ ಇರುತ್ತದೆ. ಒಬ್ಬರೇ ಕಡ್ಡಿ ಗೀರಿದರೆ ಅದೇನೂ ಇರುವುದಿಲ್ಲ.

ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಮೀಸಲು ಅರಣ್ಯಕ್ಕೆ ಬೆಂಕಿ ಹಾಕುವುದಷ್ಟೇ ಅಲ್ಲ, ಅರಣ್ಯಕ್ಕೆ ಅಪಾಯವಾಗುವಂತೆ ಬೆಂಕಿಯನ್ನು ಉರಿಯಲು ಬಿಟ್ಟು ಹೋಗುವುದೂ ಅಪರಾಧ. ಅಂದರೆ ನಿಮ್ಮ ಜಾಗದಲ್ಲಿ ಹಚ್ಚಿ ಊಟಕ್ಕೆ ಹೋದದ್ದೂ ಲೆಕ್ಕಕ್ಕೆ ಬರುತ್ತದೆ. ಅರಣ್ಯದಲ್ಲಿ ಸೊಪ್ಪು, ಮೇವಿನ ಹಕ್ಕು ಅನುಭವಿಸುವವರು ಬೆಂಕಿ ಕಂಡರೆ ತಿಳಿಸಬೇಕು, ಆರಿಸಲು ನೆರವಾಗಬೇಕು ಎಂಬ ಹೊಣೆಯೂ ಇದೆ. ಶೆಟ್ಟಿಹಳ್ಳಿ, ಶರಾವತಿ ಕಣಿವೆಯಂಥ ವನ್ಯಜೀವಿ ಧಾಮದ ಅಂಚಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಸೇರುತ್ತದೆ. ಅದರಲ್ಲಿ ಶಿಕ್ಷೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಉಪಗ್ರಹದಿಂದ ಬೆಂಕಿಯ ಬಿಸಿ ಗುರುತಿಸಿ ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಸಂದೇಶ ಕಳಿಸುವ ವ್ಯವಸ್ಥೆ ಈಗಿದೆ. "ಯಾರಿಗೆ ಗೊತ್ತಾಗತ್ತೆ" ಎಂಬ ಕಾಲ ಹೋಯಿತು.

ಬಿದಿರು ಉಜ್ಜಿ ತಾನಾಗೇ ಕಾಡಿಗೆ ಬೆಂಕಿ ಬೀಳತ್ತಲ್ಲ?

ನಮ್ಮ ಕಾಡುಗಳಲ್ಲಿ ಬೇಸಿಗೆಯ ಬೆಂಕಿ ಹೆಚ್ಚುಕಮ್ಮಿ ಎಲ್ಲವೂ ಮನುಷ್ಯರ ಕೈಯಿಂದಲೇ. ಹೊಸ ಹುಲ್ಲು ಬರಲೆಂದು, ಜೇನು ಕೀಳಲು, ಶಿಕಾರಿಗೆ, ಸೇದಿ ಎಸೆದ ಬೀಡಿಯಿಂದ, ಕೆಲವೊಮ್ಮೆ ಸಿಟ್ಟಿನಿಂದ. ಅದನ್ನು ಆರಿಸಲು ಹೋಗುವವರು ನಮ್ಮಂಥ ಮನೆಗಳ ಮಕ್ಕಳೇ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ, 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ ಕಾಡಿನ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿ ಪ್ರಾಣ ಕಳೆದುಕೊಂಡರು.

ಗದ್ದೆ ಕೂಳೆ, ಜೋಳದ ದಂಟು, ಕಬ್ಬಿನ ರವದಿ?

ಕೈಯಲ್ಲಿ ಕೊಯ್ದ ಗದ್ದೆಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ, ಹುಲ್ಲು ಬಣವೆಗೆ ಹೋಗುತ್ತದೆ. ಯಂತ್ರದ ಕೊಯ್ಲು ಬಂದ ಶಿಕಾರಿಪುರ, ಭದ್ರಾವತಿ ಬಯಲಲ್ಲಿ ಹುಲ್ಲು ಚೆಲ್ಲಾಪಿಲ್ಲಿಯಾಗಿ ಉಳಿಯುತ್ತದೆ. ಅದನ್ನು ಸುತ್ತಿ ಕಟ್ಟುವ ಯಂತ್ರ ಬಾಡಿಗೆಗೆ ಸಿಕ್ಕರೆ ಮೇವಾಗುತ್ತದೆ, ಇಲ್ಲವಾದರೆ ಉಳುಮೆಯಲ್ಲಿ ಮಣ್ಣಿಗೆ ಸೇರಿಸಿ. ರವದಿಯನ್ನು ಸಾಲಿನ ನಡುವೆ ಹೊದಿಸಿದರೆ ಕೂಳೆ ಕಬ್ಬಿಗೆ ತೇವ ಉಳಿಯುತ್ತದೆ.

ಕಾಮದಹನ, ಜಾತ್ರೆಯ ಕೆಂಡ, ಚಳಿ ಕಾಯಿಸೋದು ಎಲ್ಲಕ್ಕೂ ಅಡ್ಡಿನಾ?

ಇಲ್ಲ. ಆಚರಣೆಯ ಬೆಂಕಿ ಕಸ ಸುಡುವುದಲ್ಲ. ಆದರೆ ಸಾರ್ವಜನಿಕ ರಸ್ತೆಯಲ್ಲಿ, ವೃತ್ತದಲ್ಲಿ ಮಾಡುವಾಗ ಪೊಲೀಸ್ ಠಾಣೆಗೂ ಸ್ಥಳೀಯ ಸಂಸ್ಥೆಗೂ ಮುಂಚಿತವಾಗಿ ಪತ್ರ ಕೊಟ್ಟು ಒಪ್ಪಿಗೆ ಪಡೆಯಿರಿ. ನಿಜವಾಗಿ ಅನುಮತಿಯ ಮಾತು ಬರುವುದು ಇಲ್ಲೇ. ಡಾಂಬರು ರಸ್ತೆಯ ಮೇಲೆ ಹಚ್ಚಬೇಡಿ, ಮೆಸ್ಕಾಂ ತಂತಿಯ ಕೆಳಗಂತೂ ಬೇಡವೇ ಬೇಡ. ಕಾಮಣ್ಣನ ರಾಶಿಗೆ ಹುಡುಗರು ಕದ್ದು ತರುವ ಕಟ್ಟಿಗೆ ಸಂಪ್ರದಾಯ ಇರಬಹುದು, ಟೈರು ಸಂಪ್ರದಾಯವಲ್ಲ. ಚಳಿ ಕಾಯಿಸಲೂ ಟೈರು, ಫ್ಲೆಕ್ಸ್, ಥರ್ಮಾಕೋಲ್ ಹಾಕಬೇಡಿ.

ಹೋಂಸ್ಟೇಯಲ್ಲಿ ಕ್ಯಾಂಪ್‌ಫೈರ್ ಮಾಡಬಹುದಾ?

ಸ್ವಂತ ಜಾಗ, ಸುತ್ತ ಕಲ್ಲು ಕಟ್ಟಿದ ಗುಂಡಿ, ಒಣ ಕಟ್ಟಿಗೆ, ಪಕ್ಕದಲ್ಲಿ ನೀರಿನ ಪೈಪು, ಆರುವವರೆಗೆ ಮನೆಯವರೊಬ್ಬರ ಕಾವಲು. ಇಷ್ಟಿದ್ದರೆ ಸರಿ. ಫೆಬ್ರವರಿಯಿಂದ ಮುಂಗಾರು ಹಿಡಿಯುವವರೆಗೆ ಕಾಡಿನಂಚಿನ ಹೋಂಸ್ಟೇಗಳು ಬೆಂಕಿಯನ್ನೇ ಬಿಟ್ಟರೆ ಒಳ್ಳೆಯದು. ಬೆಂಗಳೂರಿನಿಂದ ಬಂದವರಿಗೆ ನಕ್ಷತ್ರ ತೋರಿಸಿ, ಸಾಕು. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿ ಧಾಮದೊಳಗಿದೆ, ಅಲ್ಲಿ ಬೆಂಕಿ ಹಚ್ಚುವುದು ನೇರವಾಗಿ ಅಪರಾಧ.

ಮದುವೆ, ಗೃಹಪ್ರವೇಶದ ಊಟದ ಎಲೆ?

ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವನ್ನು ಪರವಾನಗಿ ಇಲ್ಲದ ಜಾಗದಲ್ಲಿ ಮಾಡುವುದಾದರೆ ಕನಿಷ್ಠ ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸ ವಿಂಗಡಿಸಿ ಕೊಡಬೇಕು ಎಂದು 2016ರ ನಿಯಮಗಳಲ್ಲೇ ಬಂತು. ಬಾಳೆ ಎಲೆ, ಹಾಳೆ ತಟ್ಟೆ ದನಕ್ಕೆ, ಗುಂಡಿಗೆ ಹೋಗಲಿ. ನೀರಿನ ಪ್ಲಾಸ್ಟಿಕ್ ಲೋಟದ ಬದಲು ಸ್ಟೀಲ್ ಲೋಟ ಬಾಡಿಗೆಗೆ ತಂದರೆ ಮರುದಿನ ಸುಡಬೇಕಾದ ರಾಶಿಯೇ ಇರುವುದಿಲ್ಲ.

ಶವಸಂ‌ಸ್ಕಾರ?

ಅದು ಈ ನಿಷೇಧದೊಳಗೆ ಬರುವುದಿಲ್ಲ. ಮಳೆಗಾಲದಲ್ಲಿ ಕೆಲವೆಡೆ ಟೈರು ಹಾಕುತ್ತಾರೆ, ಅದು ಬೇಡ. ಊರಿನವರು ಸೇರಿ ಸ್ಮಶಾನದಲ್ಲೊಂದು ಕಟ್ಟಿಗೆ ಶೆಡ್ ಮಾಡಿಕೊಳ್ಳಿ. ಬೇಸಿಗೆಯಲ್ಲಿ, ಸ್ವಂತ ಜಾಗದಲ್ಲಿ ಮಾಡುವವರು ರಾತ್ರಿ ಇಬ್ಬರನ್ನು ಅಲ್ಲಿ ಉಳಿಸಿ.

ಕಸ ಗುಡಿಸುವವರೇ ಬೆಳಿಗ್ಗೆ ರಸ್ತೆ ಬದಿ ಎಲೆಗೆ ಬೆಂಕಿ ಇಡ್ತಾರೆ. ಅವರಿಗಿಲ್ಲದ ನಿಯಮ ನಮಗೆ ಯಾಕೆ?

ಅವರಿಗೂ ನಿಯಮ ಅದೇ. ಆದರೆ ಪೌರಕಾರ್ಮಿಕರ ಮೇಲೆ ರೇಗುವ ಮುನ್ನ, ಗುಡಿಸಿದ್ದನ್ನು ಹೊತ್ತೊಯ್ಯಲು ಅವರಿಗೆ ಗಾಡಿ ಬರುತ್ತದೆಯೇ ನೋಡಿ. ಗಾಡಿ ಬರದಿದ್ದರೆ, ರಾಶಿ ಹಾಗೇ ಬಿಟ್ಟರೆ ಬೈಗುಳ ಬರುತ್ತಿದ್ದರೆ, ಅವರಾದರೂ ಏನು ಮಾಡಿಯಾರು? ದೂರು ಕೊಡುವುದಾದರೆ ಆರೋಗ್ಯ ನಿರೀಕ್ಷಕರಿಗೆ ಕೊಡಿ, "ನಮ್ಮ ಬೀದಿಗೆ ಎಲೆ ಒಯ್ಯುವ ಗಾಡಿ ಕಳಿಸಿ" ಎಂದು ಬರೆಯಿರಿ. ಹೊಗೆ ಕುಡಿಯುವವರಲ್ಲಿ ಅವರೇ ಮೊದಲಿಗರು.

ದಂಡ ಎಷ್ಟು?

ಹಸಿರು ನ್ಯಾಯಮಂಡಳಿಯ ಆದೇಶದಂತೆ ಸಾಮಾನ್ಯವಾಗಿ ಕಸ ಸುಟ್ಟರೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ. ಇದರ ಹೊರತಾಗಿ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮಿನಲ್ಲಿ, ಜನರ ಜೀವಕ್ಕೆ ಅಪಾಯವಾಗುವಂತೆ ಬೆಂಕಿಯನ್ನು ಬೇಜವಾಬ್ದಾರಿಯಿಂದ ಬಳಸಿದರೆ ಆರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಪಕ್ಕದವರ ತೋಟ, ಮನೆ ಸುಟ್ಟರೆ ನಷ್ಟ ತುಂಬಿಕೊಡುವ ದಾವೆ ಬೇರೆ.

ನೆರೆಮನೆಯವರು ದಿನಾ ಸುಡ್ತಾರೆ. ದೂರು ಕೊಟ್ಟರೆ ಜಗಳ ಆಗತ್ತೆ.

ಮೊದಲು ಹೋಗಿ ಮಾತಾಡಿ. ಹೊಗೆ ಏಳುತ್ತಿರುವಾಗ ಬೇಡ, ಸಂಜೆ ಚಹಾದ ಹೊತ್ತಿಗೆ. "ಅಕ್ಕಾ, ಅಮ್ಮನಿಗೆ ರಾತ್ರಿಯಿಡೀ ಕೆಮ್ಮು" ಎಂದು ನಿಮ್ಮ ಮನೆಯ ಕಷ್ಟ ಹೇಳಿದರೆ ಕೇಳುವವರೇ ಹೆಚ್ಚು. ಬಹಳ ಸಲ ಅವರ ಮನೆಗೆ ಕಸದ ಗಾಡಿ ಬರುವ ಹೊತ್ತಿಗೆ ಯಾರೂ ಇರುವುದಿಲ್ಲ. "ನಮ್ಮ ಗೇಟಿನ ಹತ್ತಿರ ಇಡಿ, ನಾವು ಕೊಡ್ತೀವಿ" ಎಂದರೆ ಮುಗಿಯಿತು. ಹೀಗೆ ನಿಂತ ಬೆಂಕಿ ನಮ್ಮ ಬೀದಿಯಲ್ಲೇ ಎರಡಿವೆ. ಆಗದಿದ್ದರೆ ಪಟ್ಟಣ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿಗೆ ದಿನಾಂಕ, ಹೊತ್ತು, ಫೋಟೊ ಸಮೇತ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಸರ್ಕಾರದ ಕುಂದುಕೊರತೆ ಸಹಾಯವಾಣಿ 1902ಕ್ಕೂ ಕರೆ ಮಾಡಬಹುದು.

ಬೆಂಕಿ ಕೈಮೀರಿದರೆ?

112ಕ್ಕೆ ಅಥವಾ ಅಗ್ನಿಶಾಮಕ 101ಕ್ಕೆ ಕರೆ ಮಾಡಿ. ಕಾಡಿನ ಬೆಂಕಿಯಾದರೆ ಅರಣ್ಯ ಸಹಾಯವಾಣಿ 1926. ಊರಿನ ಹೆಸರಷ್ಟೇ ಹೇಳಬೇಡಿ, ಹತ್ತಿರದ ದೇವಸ್ಥಾನ, ಶಾಲೆ, ತಿರುವು ಹೇಳಿ, ಒಬ್ಬರನ್ನು ಮುಖ್ಯರಸ್ತೆಯಲ್ಲಿ ನಿಲ್ಲಿಸಿ. ಗುಡ್ಡದ ಏರಿನಲ್ಲಿ ಬೆಂಕಿ ಮೇಲ್ಮುಖವಾಗಿ ಓಡುತ್ತದೆ. ಬೆಂಕಿಗಿಂತ ಮೇಲೆ ನಿಲ್ಲಬೇಡಿ. ನೈಲಾನ್ ಲುಂಗಿ, ಪಾಲಿಯೆಸ್ಟರ್ ಅಂಗಿಯಲ್ಲಿ ಬಡಿಯಲು ಹೋಗಬೇಡಿ, ಮೈಗೆ ಕರಗಿ ಅಂಟುತ್ತದೆ.

ಆರಿದೆ ಅಂತ ಗೊತ್ತಾಗೋದು ಹೇಗೆ?

ಯಾರೋ ಹಚ್ಚಿ ಹೋದ ರಾಶಿಯನ್ನು ಆರಿಸುವ ಕೆಲಸ ನಮಗೆ ಆಗಾಗ ಬರುತ್ತದೆ. ಮೇಲಿಂದ ಒಂದು ಬಕೆಟ್ ನೀರು ಸುರಿದು ಹೊರಟರೆ ರಾತ್ರಿ ಮತ್ತೆ ಹತ್ತುತ್ತದೆ. ಗುದ್ದಲಿಯಲ್ಲಿ ರಾಶಿಯನ್ನು ಬಗೆದು ನೆಲಕ್ಕೆ ಹರಡಿ, ನೀರು ಹಾಕಿ, ಮಗುಚಿ, ಮತ್ತೆ ನೀರು ಹಾಕಿ. ಅಂಗೈಯಲ್ಲ, ಮುಂಗೈಯ ಹಿಂಬದಿಯನ್ನು ಒಂದು ಗೇಣು ಮೇಲೆ ಹಿಡಿದು ನೋಡಿ. ಬಿಸಿ ತಾಗಿದರೆ ಆರಿಲ್ಲ. ಅಡಿಕೆ ಸಿಪ್ಪೆಯಾದರೆ ಮರುದಿನ ಬೆಳಿಗ್ಗೆ, ಮಂಜು ಇರುವಾಗಲೇ, ಇನ್ನೊಮ್ಮೆ ಹೋಗಿ ಕೋಲಿನಿಂದ ಚುಚ್ಚಿ ನೋಡಿ. ಒಳಗೆ ಕೆಂಡ ಉಳಿದಿದ್ದರೆ ಆ ತೂತಿನಿಂದ ಸಣ್ಣ ಎಳೆಯಾಗಿ ಹೊಗೆ ಬರುತ್ತದೆ.